ಕರೆಂಟಿಲ್ಲದ ಎರಡು ಗಂಟೆ

ನಿಶಾತ್ ಕಾಫಿ ಲೋಟವನ್ನು ನಾರಾಯಣಮ್ಮನ ಕೈಗೆ ಹಿಡಿಸಿದಳು. "ಒಂದೇ ಗುಟುಕು ಅಕ್ಕ. ಬೆಳಗ್ಗೆಯಿಂದ ಏನೂ ಕುಡಿದಿಲ್ಲ ನೀವು."

ಕೊಡಿಗೇಹಳ್ಳಿಯ ಆ ಹಳೇ ಮನೆಯ ಮುಂದೆ ಶಾಮಿಯಾನ ಎದ್ದಿತ್ತು. ಅದರಡಿ, ಬೆಂಚಿನ ಮೇಲೆ ನಾರಾಯಣಮ್ಮನ ಗಂಡ ಮುನಿವೆಂಕಟಯ್ಯನವರ ದೇಹವನ್ನು ಮಲಗಿಸಿದ್ದರು. ಮೂವತ್ತು ವರ್ಷ ಆ ಭಾಗದ ಲೈನ್‌ಮನ್ ಆಗಿದ್ದವರು. ಕರೆಂಟು ಹೋದರೆ ಬೀದಿಯವರು ಮೊದಲು ಬೈಯುತ್ತಿದ್ದುದು ಅವರನ್ನೇ.

"ನಾನೂ ಬೈದಿದೀನಿ," ಎಂದಳು ನಿಶಾತ್. "ಆ ನಕ್ಷತ್ರ ಬಿದ್ದ ರಾತ್ರಿ."

*

ಹನ್ನೆರಡು ವರ್ಷಗಳ ಹಿಂದಿನ ಡಿಸೆಂಬರ್. ಟ್ರಾನ್ಸ್‌ಫಾರ್ಮರ್ ಢಮ್ಮೆಂದು, ಇಡೀ ಬೀದಿ ಕತ್ತಲಾಗಿತ್ತು. ಕಂಬದ ಸುತ್ತ ಜನ ಸೇರಿ ಕೂಗಾಡುತ್ತಿದ್ದರು. ಕಂಬದ ಮೇಲಿದ್ದ ಮುನಿವೆಂಕಟಯ್ಯ ಹೇಳಿದರು: "ಆಮೇಲ್ ಬೈಯೀರಂತೆ. ಒಂದ್ಸಲ ಮೇಲ್ ನೋಡ್ರಪ್ಪಾ!"

ಹಸಿರು ಗೆರೆಯೊಂದು ಹೆಬ್ಬಾಳದ ಕಡೆಗೆ ಜಾರಿತು. ಹಿಂದೆಯೇ ಇನ್ನೊಂದು. ಮಕ್ಕಳು ಕಿರುಚಿದರು. ಚಾಪೆಗಳು ರಸ್ತೆಗೆ ಬಂದವು.

ನಿಶಾತ್ ಆ ಬೀದಿಗೆ ಬಂದು ಮೂರು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ಒಬ್ಬರೂ ಅವಳನ್ನು ಮಾತಾಡಿಸಿರಲಿಲ್ಲ. ನಾರಾಯಣಮ್ಮ ಚಾಪೆಯ ಮೇಲೆ ಪಕ್ಕಕ್ಕೆ ಸರಿದರು. "ಬಾಮ್ಮ, ಇಲ್ಲಿ ಜಾಗ ಐತೆ."

ಹನ್ನೆರಡಕ್ಕೆ ದೀಪಗಳು ಹೊತ್ತಿಕೊಂಡಾಗ ಇಡೀ ಬೀದಿ "ಅಯ್ಯೋ!" ಎಂದಿತು.

*

"ರಿಪೇರಿ ಹತ್ತಕ್ಕೇ ಮುಗಿದಿತ್ತು ಅಕ್ಕ," ಎಂದ ಉಮೇಶ್. ಆಗ ಹೊಸದಾಗಿ ಕೆಲಸಕ್ಕೆ ಸೇರಿ, ಮುನಿವೆಂಕಟಯ್ಯನವರ ಜೊತೆ ಕಂಬ ಹತ್ತುತ್ತಿದ್ದವನು. "ಸ್ವಿಚ್ ಹಾಕೋಕೆ ಹೋದೆ, ಕೈ ಹಿಡ್ಕೊಂಡ್ರು. 'ತಡಿಯೋ, ಜನ ನೋಡ್ತಾವ್ರೆ' ಅಂದ್ರು."

ನಾರಾಯಣಮ್ಮ ತಲೆ ಎತ್ತಿದರು. "ನಂಗೇ ಏಳಿಲ್ವಲ್ಲೋ."

"ಆಫೀಸಿಂದ ನೋಟಿಸ್ ಬಂತು. ಮಳೆ ಇತ್ತು ಅಂತ ಬರೆದ್ಬಿಡಿ ಅಣ್ಣ ಅಂದೆ. ಕೇಳ್ಲಿಲ್ಲ. 'ನಕ್ಷತ್ರ ಬೀಳುತ್ತಿದ್ದವು, ಜನ ನೋಡುತ್ತಿದ್ದರು, ಆದ್ದರಿಂದ ತಡವಾಯಿತು' ಅಂತ ಬರೆದು ಸೈನ್ ಹಾಕ್ಕೊಟ್ರು."

ನಾರಾಯಣಮ್ಮನಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಭುಜಗಳು ಕುಲುಕಿದವು. ನಗುತ್ತಲೇ ಬೆಳಗ್ಗೆಯಿಂದ ಬಾರದ ಅಳುವೂ ಬಂತು.

ನಿಶಾತ್ ಎದ್ದುಹೋಗಿ ಮುನಿವೆಂಕಟಯ್ಯನವರ ಪಾದ ಮುಟ್ಟಿದಳು. ಹನ್ನೆರಡು ವರ್ಷಗಳಲ್ಲಿ ತನ್ನ ಎರಡು ಬಾಣಂತನಕ್ಕೂ ನೀರು ಕಾಯಿಸಿದ್ದವರು ನಾರಾಯಣಮ್ಮ. ಆ ರಾತ್ರಿ ಹತ್ತಕ್ಕೇ ದೀಪ ಬಂದಿದ್ದರೆ, ತಾನು ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದಳು.

"ನಂಗೆ ಗೊತ್ತಿರ್ಲಿಲ್ಲ ಅಣ್ಣ," ಎಂದಳು ಮೆಲ್ಲಗೆ.

ಮಧ್ಯಾಹ್ನ ಮುನಿವೆಂಕಟಯ್ಯನವರನ್ನು ಹೊತ್ತ ಹೂವಿನ ಗಾಡಿ ಹೊರಟಿತು. ಬೀದಿಯ ತಿರುವಿನಲ್ಲಿ ಜೋತುಬಿದ್ದ ಕೇಬಲ್ಲುಗಳಿಗೆ ಅದರ ಮಂಟಪ ತಾಗಿ ನಿಂತಿತು. ಉಮೇಶ್ ಓಡಿದ. ಡ್ಯೂಟಿ ಬಟ್ಟೆಯಲ್ಲೇ ಬಂದಿದ್ದ ಇನ್ನಿಬ್ಬರು ಲೈನ್‌ಮನ್‌ಗಳೂ ಓಡಿದರು. ಮೂವರೂ ಒಂದೊಂದು ಬಿದಿರಿನ ಗಳದಿಂದ ಕೇಬಲ್ಲುಗಳನ್ನು ಮೇಲೆತ್ತಿ ಹಿಡಿದರು. ಗಾಡಿ ಒಂದು ಸೇವಂತಿಗೆಯೂ ಉದುರದಂತೆ ನಿಧಾನವಾಗಿ ಅವುಗಳ ಕೆಳಗೆ ದಾಟಿತು.