ಮನೆಪಾಠದ ತಲೆ

ಮಗಳು ಕ್ಷೌರದ ಶಾಲೆಗೆ ಸೇರಿದ ದಿನದಿಂದ ಗಡಿಯಾರ ರಿಪೇರಿಯವನ ತಲೆ ಅವನದಾಗಿ ಉಳಿದಿರಲಿಲ್ಲ. ಆ ಶಾಲೆಯಲ್ಲಿ ವರ್ಷವಿಡೀ ಮನೆಯಲ್ಲಿ ಕಟಿಂಗ್ ಮಾಡಿದ ತಲೆಗಳ ಫೋಟೋ ತೋರಿಸಿದರೆ ಅರ್ಧ ಅಂಕ. ಕೊನೆಗೊಂದು ದಿನ ಶಾಲೆಯ ಕುರ್ಚಿಯಲ್ಲೇ ನಡೆಯುವ ಪರೀಕ್ಷೆಗೆ ಉಳಿದರ್ಧ. ಎರಡರಲ್ಲೂ ಪಾಸಾದರೆ ಸೋದರತ್ತೆಯ ಸಲೂನಿನಲ್ಲಿ ಕಿಟಕಿ ಪಕ್ಕದ ಕುರ್ಚಿ ಅವಳದು. ಇಲ್ಲವಾದರೆ ಅತ್ತೆ ಬೇರೆಯವರನ್ನು ಹುಡುಕಿಕೊಳ್ಳುತ್ತಾಳೆ. ಅತ್ತೆಗೆ ನೆಂಟಸ್ತಿಕೆ ಬೇರೆ, ಗಿರಾಕಿಗಳ ಕಿವಿ ಬೇರೆ.

ಅಮ್ಮ ಕತ್ತರಿಯ ಹತ್ತಿರವೂ ಸುಳಿಯಲಿಲ್ಲ. ಹೀಗಾಗಿ ಫೋಟೋಗಳಲ್ಲಿ ಇದ್ದದ್ದೆಲ್ಲ ಅಪ್ಪನ ತಲೆಯೇ. ಬೇರೆ ಬೇರೆ ತಲೆಗಳಿರಬೇಕೆಂದು ನಿಯಮದಲ್ಲಿ ಯಾರೂ ಬರೆದಿರಲಿಲ್ಲ. ಮೊದಮೊದಲು ಇಲಿ ಕಡಿದಂತಿದ್ದ ಕಟಿಂಗ್ ಬರಬರುತ್ತಾ ಎಷ್ಟು ಸೊಗಸಾಯಿತೆಂದರೆ, ಎಡಗಡೆಯ ಕೂದಲನ್ನು ಉದ್ದ ಬಿಟ್ಟು ನೆತ್ತಿಯ ಬೋಳನ್ನು ಅವಳು ಮುಚ್ಚಿದರೆ ಬೋಳಿರುವುದು ಅಪ್ಪನಿಗೇ ಮರೆತುಹೋಗುತ್ತಿತ್ತು. ಕತ್ತರಿ ತಾಗಿ ಕಿವಿ ಚುರ್ ಎಂದ ದಿನವೂ ಅವನು ಚೆನ್ನಾಗಿದೆ ಎಂದೇ ಹೇಳುತ್ತಿದ್ದ. ಕಲಿಸುವ ಮೇಡಂ ಪೂರ್ತಿ ಅಂಕ ಕೊಟ್ಟರು.

ಪರೀಕ್ಷೆಗೆ ಹೊರಗಿನಿಂದ ಬಂದ ಮೇಷ್ಟ್ರು, ಪೊದೆಯಂಥ ಕೂದಲಿನ ಒಬ್ಬ ಗುಮಾಸ್ತನನ್ನು ಕೂರಿಸಿದರು. ಅಪ್ಪ ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತಿದ್ದ. ಮಗಳ ಕತ್ತರಿ ಸರಸರ ಓಡಿತು. ಮುಗಿದಾಗ ಗುಮಾಸ್ತ ಹಿಂದಿನಿಂದ ಥೇಟ್ ಗಡಿಯಾರ ರಿಪೇರಿಯವನ ಹಾಗೇ ಕಂಡ.

"ಎಡಗಡೆ ಇಷ್ಟುದ್ದ ಯಾಕಮ್ಮಾ ಬಿಟ್ಟೆ?" ಎಂದರು ಮೇಷ್ಟ್ರು.

"ಮುಚ್ಚೋಕೆ ಸಾರ್."

"ಏನನ್ನ?"

ಅವಳು ಗುಮಾಸ್ತನ ನೆತ್ತಿ ನೋಡಿದಳು. ಅಲ್ಲಿ ಮುಚ್ಚುವಂಥದ್ದು ಏನೂ ಇರಲಿಲ್ಲ.

ವರ್ಷವಿಡೀ ಮನೆಯಲ್ಲಿ ಮಾಡಿದ್ದಕ್ಕೆ ಅಂಕ ಕೊಟ್ಟರೆ ಇದೇ ಗತಿ ಎಂದರು ಮೇಷ್ಟ್ರು. ಒಂದು ಗಂಟೆಯ ಗಾಬರಿಯಲ್ಲಿ ಕಲಿತದ್ದನ್ನು ಅಳೆಯಲು ಹೊರಟರೆ ಇದೇ ಗತಿ ಎಂದರು ಮೇಡಂ. ಇಬ್ಬರೂ ಸಾಕ್ಷಿಗೆ ತೋರಿಸಿದ್ದು ಗುಮಾಸ್ತನನ್ನೇ. ಅವನು ಕನ್ನಡಿ ಬಿಟ್ಟು ಕದಲಿರಲಿಲ್ಲ. ಕೊನೆಗೆ ಮೇಡಂ ರೇಗಿ, ತಮ್ಮ ಜಡೆ ಬಿಚ್ಚಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತೇಬಿಟ್ಟರು. ಇನ್ನೊಂದು ಸಲ ನೋಡೋಣ ಎಂದು ಮೇಷ್ಟ್ರೂ ಒಪ್ಪಿದರು.

ಈ ಸಲ ಮಗಳು ತಕ್ಷಣ ಕತ್ತರಿ ಮುಟ್ಟಲಿಲ್ಲ. ಕೂದಲೊಳಗೆ ಮೆಲ್ಲನೆ ಬೆರಳಾಡಿಸಿದಳು.

"ಮೇಡಂ, ನಿಮಗೆ ಹೇಗೆ ಬೇಕು?"

ಗಾಜಿನಾಚೆ ಅಪ್ಪನಿಗೆ ಹೊಟ್ಟೆಕಿಚ್ಚಾಯಿತು. ವರ್ಷವಿಡೀ ತಲೆ ಕೊಟ್ಟವನನ್ನು ಅವಳು ಒಮ್ಮೆಯೂ ಹಾಗೆ ಕೇಳಿರಲಿಲ್ಲ. ಕೇಳಿದ್ದರೂ ಅವನು ನಿನ್ನಿಷ್ಟ ಎನ್ನುತ್ತಿದ್ದ. ಮುದ್ದು ಮಾಡಿ ಮಾಡಿ ಮಗಳನ್ನು ನಾನೇ ಹಾಳು ಮಾಡಿದೆನಲ್ಲ ಎನಿಸಿ ಅವನಿಗೆ ನಾಚಿಕೆಯಾಯಿತು.

ಮೇಡಂ ಹೇಳಿದ ಹಾಗೇ ಅವಳು ಕತ್ತರಿಸಿ ಮುಗಿಸಿದಾಗ ಮೇಷ್ಟ್ರು ಗೊಣಗುತ್ತಲೇ ಪಾಸು ಮಾಡಿದರು. ಮನೆಗೆ ನಡೆಯುವಾಗ ಮಗಳು ತಲೆ ತಗ್ಗಿಸಿಕೊಂಡೇ ಕೇಳಿದಳು: "ನಿಜ ಹೇಳಪ್ಪಾ, ನಾನು ಮಾಡಿದ ಕಟಿಂಗಲ್ಲಿ ಒಂದಾದ್ರೂ ಚೆನ್ನಾಗಿತ್ತಾ?"

ಅಪ್ಪ ಎಂದಿನ ಉತ್ತರವನ್ನು ನಾಲಿಗೆಯ ತುದಿಯಲ್ಲೇ ನುಂಗಿಕೊಂಡ. ಒಂದೊಂದೇ ಕಟಿಂಗ್ ನೆನಪಿಸಿಕೊಳ್ಳುತ್ತಾ ಬೀದಿಯ ತಿರುವಿನವರೆಗೂ ನಡೆದ.

"ಮೊನ್ನೇದು ಪರವಾಗಿಲ್ಲ," ಎಂದ.

ಮಗಳ ಮುಖ ಅರಳಿತು. ಪಾಸು ಎಂದಾಗಲೂ ಅದು ಅಷ್ಟು ಅರಳಿರಲಿಲ್ಲ.