ಬಾಗಿಲು ತಟ್ಟುವ ಕೆಲಸ

ಐಸಣ್ಣನಿಗೆ ಚಳಿಯ ಅಂದಾಜು ಇರಲಿಲ್ಲ. ಅರ್ಧ ಆಯುಷ್ಯವನ್ನು ಕೋಲ್ಡ್ ಸ್ಟೋರೇಜಿನಲ್ಲಿ ಕಳೆದು, ಮೀನಿನ ಪೆಟ್ಟಿಗೆಗಳ ನಡುವೆ ತಲೆ ನರೆಸಿಕೊಂಡವನಿಗೆ ಚಳಿಯ ಅಂದಾಜು ಇಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಅವನೂ ನಂಬುತ್ತಿರಲಿಲ್ಲ.

ಆ ಕೋಣೆಯ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಒಳಗೆ, ಒಬ್ಬ ಬಾಗಿಲಲ್ಲಿ. ಒಳಗಿನವನು ಹಿಂದಿನ ಪೆಟ್ಟಿಗೆ ಮುಂದಕ್ಕೆ ಎಳೆಯುತ್ತಾನೆ, ಹೊಸದನ್ನು ಜೋಡಿಸುತ್ತಾನೆ, ಗೋಡೆಗೆ ಕಟ್ಟಿದ ಹಿಮ ಕೆರೆಯುತ್ತಾನೆ. ಬಾಗಿಲಿನವನು ಹೊರಗೆ ನಿಂತು ಹೊತ್ತು ನೋಡುತ್ತಾನೆ. ಹೊತ್ತಾದಾಗ ಕಬ್ಬಿಣದ ಸಲಾಕೆಯಿಂದ ಬಾಗಿಲಿಗೆ ಢಣಢಣ ಬಡಿದು ತೆಗೆಯುತ್ತಾನೆ. ಒಳಗಿನವನು ತಾನಾಗಿ ಹೊರಗೆ ಬರುವಂತಿಲ್ಲ. ಬಂದರೆ ಚಳಿಯೆಲ್ಲ ಸೋರಿಹೋಗಿ, ಮೋಟಾರು ಗುಂಯ್ ಎಂದು ಎದ್ದು, ಸೂಪರ್‌ವೈಸರ್ ಮೈಮೇಲೆ ಬಂದವನಂತೆ ಕೂಗಾಡುತ್ತಿದ್ದ. ಇನ್ನೊಂದು ಕಾರಣವನ್ನು ಹಳೆಯ ಕೆಲಸಗಾರರು ಹೇಳುತ್ತಿದ್ದರು. ಚಳಿಯಲ್ಲಿ ನಿಂತವನಿಗೆ ತಲೆ ಸುಳ್ಳು ಹೇಳುತ್ತದಂತೆ. ಮೊದಮೊದಲು ‘ಸಾಕು, ಸಾಕು’ ಅನ್ನುತ್ತದೆ. ಆಮೇಲೆ ‘ಪರವಾಗಿಲ್ಲ’ ಅನ್ನುತ್ತದೆ. ಅದಕ್ಕೇ ತೀರ್ಮಾನ ಬೆಚ್ಚಗೆ ನಿಂತವನದು.

ಐಸಣ್ಣ ಒಳಗಿನವನು. ಬಾಗಿಲಲ್ಲಿ ಅವನ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಚಿಕ್ಕಂದಿನಲ್ಲಿ ನ್ಯುಮೋನಿಯಾ ಬಂದು ಸಾಯುವುದರಲ್ಲಿ ಉಳಿದವನು. ಮೆಟ್ಟಿಲು ಹತ್ತಿದರೆ ಅವನ ಎದೆ ಹಳೇ ಹಾರ್ಮೋನಿಯಂ ಹಾಗೆ ಸದ್ದು ಮಾಡುತ್ತಿತ್ತು. ಅಕ್ಕ ಗಂಡನ ಬೆನ್ನು ಬಿದ್ದು ಈ ಕೆಲಸ ಕೊಡಿಸಿದ್ದಳು, ಒಳಗೆ ಒಂದು ಹೆಜ್ಜೆಯನ್ನೂ ಇಡಬಾರದು ಎಂಬ ಕರಾರಿನ ಮೇಲೆ.

ಬಾಗಿಲ ಮೇಲಿನ ಗಡಿಯಾರ ಆವಿ ಹಿಡಿದು ಎಂದೋ ನಿಂತಿತ್ತು. ಭಾಮೈದ ಪೆಪ್ಪರ್‌ಮಿಂಟಿನಲ್ಲಿ ಹೊತ್ತು ಅಳೆಯುತ್ತಿದ್ದ. ಭಾವ ಒಳಗೆ ಹೋದ ಕೂಡಲೇ ಒಂದನ್ನು ಬಾಯಿಗೆ ಹಾಕಿಕೊಂಡರೆ, ಅದು ಪೂರ್ತಿ ಕರಗಿದಾಗ ಸಲಾಕೆ ಎತ್ತುವುದು. ಒಂದು ದಿನವೂ ಹೆಚ್ಚುಕಮ್ಮಿ ಆಗಿದ್ದಿಲ್ಲ.

“ಇವತ್ತು ಚೀಪ್ತಾ ಇದ್ಯೋ, ನಿದ್ದೆ ಹೊಡೀತಾ ಇದ್ಯೋ?” ಎಂದು ಹುಬ್ಬಿನ ಹಿಮ ಒರೆಸಿಕೊಳ್ಳುತ್ತ ಐಸಣ್ಣ ಹೊರಗೆ ಬರುತ್ತಿದ್ದ.

“ಕಚ್ಚಿ ಮುಗಿಸ್ಬೋದು ಭಾವ. ಆಮೇಲೆ ಸೂಪರ್‌ವೈಸರ್ ನನ್ನನ್ನ ಕಚ್ತಾನೆ.”

ಹೀಗೆ ವರ್ಷಗಳು ಕಳೆದವು. ಐಸಣ್ಣನ ಮೈ ಚಳಿಯಲ್ಲಿ ಇರುವುದನ್ನು ಕಲಿಯಿತು, ಚಳಿಯಿಂದ ಹೊರಗೆ ಬರುವುದನ್ನು ಕಲಿಯಲಿಲ್ಲ. ಅದು ಭಾಮೈದನ ತಲೆನೋವು. ಒಳಗೆ ಹೋದೊಡನೆ ಐಸಣ್ಣನ ತಲೆ ಖಾಲಿಯಾಗುತ್ತಿತ್ತು, ಕೈ ತನ್ನ ಪಾಡಿಗೆ ಪೆಟ್ಟಿಗೆ ಎಳೆಯುತ್ತಿತ್ತು, ಬಡಿತ ಕೇಳಿದಾಗ ಕಾಲು ತನ್ನ ಪಾಡಿಗೆ ಬಾಗಿಲ ಕಡೆ ತಿರುಗುತ್ತಿತ್ತು. ಮನೆಯಲ್ಲಿ ಮಗ್ಗುಲಾಗಿದ್ದಾಗ ಬೀದಿಯಲ್ಲಿ ಯಾರಾದರೂ ತಗಡು ಬಡಿದರೂ ಎದ್ದು ಕೂರುತ್ತಿದ್ದ.

ಕೆಲಸಗಾರರು ಒಳಗಿನವನಿಗೆ ಐಸಣ್ಣ ಎಂದು ಹೆಸರಿಟ್ಟರು. ಭಾಮೈದನನ್ನು ‘ಬಾಗಿಲು’ ಎಂದರು. “ಏ ಬಾಗಿಲು, ಸ್ವಲ್ಪ ಬೆಂಕಿಪೊಟ್ಟಣ ಕೊಡು.” ಅವನು ಹಲ್ಲು ಕಿರಿದು ಕೊಡುತ್ತಿದ್ದ. ಅದು ಅವನಿಗೆ ಎಲ್ಲಿ ಚುಚ್ಚುತ್ತಿತ್ತು ಎನ್ನುವುದು ಐಸಣ್ಣನಿಗೆ ಗೊತ್ತಾದದ್ದು ಕೋಲ್ಡ್ ಸ್ಟೋರೇಜಿಗೆ ಯಂತ್ರ ಬಂದ ಮೇಲೆ. ಹೊಸ ಬಾಗಿಲು ತಾನೇ ತೆಗೆದುಕೊಳ್ಳುತ್ತಿತ್ತು, ತಾನೇ ಮುಚ್ಚಿಕೊಳ್ಳುತ್ತಿತ್ತು. ಪೆಟ್ಟಿಗೆಯನ್ನು ಕಬ್ಬಿಣದ ಕೈ ಎಳೆಯುತ್ತಿತ್ತು. ಇಬ್ಬರಿಗೂ ಒಂದಿಷ್ಟು ದುಡ್ಡು, ಒಂದೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು.

ಮದುವೆಯಿಲ್ಲದ ಭಾಮೈದ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲೇ ಇದ್ದವನು. ಸಂಜೆ ಹೊತ್ತು ಟ್ರಾವೆಲ್ ಆಫೀಸಿನ ಗಾಜಿನ ಮುಂದೆ ನಿಲ್ಲುವುದನ್ನು ರೂಢಿ ಮಾಡಿಕೊಂಡ. ಗಾಜಿನ ಹಿಂದೆ ದೊಡ್ಡ ದೊಡ್ಡ ಪಟಗಳು. ಮಂಚದಿಂದ ಲೋಟದವರೆಗೆ ಎಲ್ಲವನ್ನೂ ಮಂಜುಗಡ್ಡೆಯಲ್ಲೇ ಮಾಡಿದ ಹೋಟೆಲು. ಜನ ವಾಸವಿರುವ ಊರುಗಳಲ್ಲೆಲ್ಲ ಅತಿ ಚಳಿಯದು ಎಂದು ಬರೆದಿದ್ದ ಒಂದು ಊರು, ಅಲ್ಲಿ ರೆಪ್ಪೆ ಬೆಳ್ಳಗಾಗಿ ನಿಂತ ಹೆಂಗಸು. ಹೆಪ್ಪುಗಟ್ಟಿದ ಸರೋವರದಲ್ಲಿ ಸಿಕ್ಕಿಕೊಂಡು, ತೆಗೆಯುವವರಿಲ್ಲದೆ ಬಿಟ್ಟುಹೋದ ಒಂದು ಹಡಗು.

ಒಂದು ದಿನ ಭಾವನನ್ನೂ ಎಳೆದುಕೊಂಡು ಒಳಗೆ ಹೋದ. ಕೌಂಟರಿನ ಹುಡುಗಿ ಇಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿ, “ಸರ್, ಈ ವಯಸ್ಸಿಗೆ ಸಮುದ್ರದ ಕಡೆ ಚೆನ್ನಾಗಿರುತ್ತೆ, ಬಿಸಿಲಿರುತ್ತೆ” ಎಂದಳು.

“ಇವರು ಐಸಣ್ಣ,” ಎಂದ ಭಾಮೈದ. “ಬಿಸಿಲಿಗೆ ಹೋದ್ರೆ ಕರಗಿಹೋಗ್ತಾರೆ.”

ಮನೆಯಲ್ಲಿ ಅಕ್ಕ ಸೌಟು ಕೆಳಗಿಟ್ಟಳು. “ಲೋಕದ ಜನ ದುಡ್ಡು ಕೊಟ್ಟು ಬೆಚ್ಚಗಿರೋ ಜಾಗಕ್ಕೆ ಹೋಗ್ತಾರೆ. ನೀವಿಬ್ರೂ ದುಡ್ಡು ಕೊಟ್ಟು ಫ್ರಿಜ್ಜಿಗೆ ಹೋಗ್ತೀರಾ? ನಮ್ಮ ಮನೇಲೇ ಒಂದಿದೆಯಲ್ಲ, ತಲೆ ತೂರಿಸಿ.”

ತಮ್ಮ ನಗಲಿಲ್ಲ. “ಅಕ್ಕ, ಇಷ್ಟು ವರ್ಷ ಬಾಗಿಲು ಕಾದೆ. ಒಳಗೆ ಏನಿದೆ ಅಂತ ಒಂದ್ಸಲ ನೋಡ್ತೀನಿ ಅಂದ್ರೆ ತಪ್ಪಾ? ಸತ್ತ ಮೇಲೂ ನನ್ನನ್ನ ಬಾಗಿಲು ಅಂತಾನೇ ಕರೀತಾರೆ.”

“ಕರೀಲಿ. ಎದೆ ಉಸಿರಾಡ್ತಾ ಇರುತ್ತಲ್ಲ, ಸಾಕು.”

ಅವಳು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದಳು, ಆಮೇಲೆ ಸೋತಳು. ಹೊರಡುವ ದಿನ ತಮ್ಮನ ಚೀಲಕ್ಕೆ ಉಣ್ಣೆಯ ಬನಿಯನ್ನುಗಳನ್ನು ತುರುಕಿ, ಗಂಡನನ್ನು ಅಡುಗೆಮನೆಗೆ ಕರೆದಳು.

“ರೀ, ಅವನಿಗೆ ಹೇಳಿದ್ರೆ ಕೇಳಲ್ಲ. ನಿಮಗೆ ಹೇಳ್ತೀನಿ. ಅವನನ್ನ ಚಳೀಲಿ ಹೆಚ್ಚು ಹೊತ್ತು ಬಿಡಬೇಡಿ. ಹೇಗೆ ಕಳಿಸ್ತೀನೋ ಹಾಗೇ ವಾಪಸ್ ತನ್ನಿ.”

“ನಾನಿದ್ದೀನಲ್ಲೇ. ಚಳಿ ಅಂದ್ರೆ ನನಗೆ ಹೇಳಿಕೊಡ್ತೀಯಾ?”

ಪಟದಲ್ಲಿ ಕಂಡ ಆ ಅತಿ ಚಳಿಯ ಊರಿನಲ್ಲಿ ಉಗುಳಿದರೆ ಉಗುಳು ನೆಲಕ್ಕೆ ಬಿದ್ದು ಟಕ್ಕೆನ್ನುತ್ತಿತ್ತು. ಮನೆಗಳಿಗೆ ಒಂದರ ಹಿಂದೆ ಒಂದು ಮೂರು ಬಾಗಿಲು. ಬೀದಿಯಲ್ಲಿ ನಿಂತ ಗಾಡಿಗಳ ಎಂಜಿನ್ ಯಾರೂ ಆರಿಸುತ್ತಿರಲಿಲ್ಲ, ಆರಿಸಿದರೆ ಮತ್ತೆ ಹತ್ತುವುದಿಲ್ಲವಂತೆ. ಅವುಗಳ ಹೊಗೆ ಮೇಲಕ್ಕೆ ಹೋಗಲಾರದೆ ಜನರ ಸೊಂಟದ ಮಟ್ಟದಲ್ಲಿ ನಿಂತಿರುತ್ತಿತ್ತು. ಬಾಡಿಗೆಗೆ ಕೊಟ್ಟ ದಪ್ಪ ಅಂಗಿ, ಬೂಟು, ಎರಡೆರಡು ಕೈಗವಸು ಹಾಕಿಕೊಂಡ ಐಸಣ್ಣ ತನ್ನ ತವರಿಗೆ ಬಂದವನಂತೆ ಓಡಾಡಿದ. ಪ್ರವಾಸದ ಗುಂಪಿನವರು ಅವನ ಜೊತೆ ಫೋಟೊ ತೆಗೆಸಿಕೊಂಡರು. ಮಂಜುಗಡ್ಡೆಯ ಹೋಟೆಲಿನಲ್ಲಿ ಅವನು ತುಪ್ಪಳದ ಹಾಸಿನ ಮೇಲೆ ಗೊರಕೆ ಹೊಡೆದ. ಭಾಮೈದನನ್ನು ಬೆಚ್ಚಗಿದ್ದ ಸ್ವಾಗತದ ಕೋಣೆಯಲ್ಲಿ ಸೋಫಾದ ಮೇಲೆ ಮಲಗಿಸಿದ್ದ.

ಬೆಳಿಗ್ಗೆ ಭಾಮೈದ ಹೇಳಿದ: “ಗಂಟುಮೂಟೆ ಕಟ್ಕೊಂಡು ಇಷ್ಟು ದೂರ ಬಂದು, ಇಲ್ಲೂ ಬಾಗಿಲು ಕಾದೆ.”

“ನಿಮ್ಮಕ್ಕ ನನ್ನ ಚರ್ಮ ಸುಲೀತಾಳೆ ಕಣೋ.”

“ಹಡಗು ನೋಡೋವಾಗ ನಾನು ಒಳಗೆ. ನೀವು ಬಾಗಿಲು. ಒಂದೇ ಒಂದು ಪೆಪ್ಪರ್‌ಮಿಂಟಿನಷ್ಟು ಹೊತ್ತು.”

ಐಸಣ್ಣ ಯೋಚಿಸಿದ. ಒಂದು ಪೆಪ್ಪರ್‌ಮಿಂಟು ಎಂದರೆ ಎಷ್ಟು ಎನ್ನುವುದು ಅವನ ಮೂಳೆಗೆ ಗೊತ್ತಿತ್ತು. ಅಷ್ಟರಲ್ಲಿ ಏನೂ ಆಗುವುದಿಲ್ಲ. ಆಗಲಿ ಎಂದ.

ಸರೋವರದ ದಡದಲ್ಲಿ ಒಲೆ ಉರಿಯುತ್ತಿದ್ದ ಮರದ ಗುಡಿಸಲು ಇತ್ತು. ಗುಂಪಿನಲ್ಲಿ ಒಬ್ಬನ ಮೂಗು ಬಿಳಿಚಿಕೊಂಡು, ಗೈಡ್ ಹೆಂಗಸು ಅವನನ್ನು ಒಲೆಯ ಮುಂದೆ ಕೂರಿಸಿ ಆರೈಕೆ ಮಾಡುತ್ತಿದ್ದಳು. ಇವರಿಬ್ಬರೂ ಹೊರಟದ್ದು ನೋಡಿ ಎಚ್ಚರಿಸಿದಳು: ಹಡಗಿನ ಕಬ್ಬಿಣ ಹೊರಗಿನ ಗಾಳಿಗಿಂತ ಕೆಟ್ಟದ್ದು, ಒಳಗೆ ಕೂರಬೇಡಿ, ನೋಡಿ ಬಂದುಬಿಡಿ.

“ಇದು ನಮ್ಮ ಕಸುಬಮ್ಮ,” ಎಂದ ಐಸಣ್ಣ. “ನೀವು ಅವನ ಮೂಗು ನೋಡ್ಕೊಳ್ಳಿ.”

ಹಡಗು ಒಂದು ಕಡೆಗೆ ವಾಲಿ ನಿಂತಿತ್ತು. ಅದರ ಹೊಟ್ಟೆಯ ಕೋಣೆಗೆ ಕಬ್ಬಿಣದ ಬಾಗಿಲು. ಅದನ್ನು ಕಂಡದ್ದೇ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು, ಅಷ್ಟು ಹೋಲುತ್ತಿತ್ತು. ಭಾಮೈದ ಅಲ್ಲೇ ಬಿದ್ದಿದ್ದ ಒಂದು ಕಬ್ಬಿಣದ ತುಂಡನ್ನು ಹೆಕ್ಕಿ ಭಾವನ ಕೈಗೆ ಕೊಟ್ಟ. ಜೇಬಿನಿಂದ ಪೊಟ್ಟಣ ತೆಗೆದು ಒಂದು ಪೆಪ್ಪರ್‌ಮಿಂಟನ್ನು ತಾನೇ ಅವನ ಬಾಯಿಗೆ ಹಾಕಿ, ಮುಖ ಮುಚ್ಚುವ ಉಣ್ಣೆಯ ಪಟ್ಟಿಯನ್ನು ಮೇಲಕ್ಕೆಳೆದ.

“ಕಚ್ಚಬಾರದು. ಮೋಸ ಆಗುತ್ತೆ.”

“ಹೋಗೋ, ನನಗೆ ಕಲಿಸೋಕೆ ಬಂದ.”

“ನೀವು ತಟ್ಟೋವರೆಗೂ ನಾನು ಬರಲ್ಲ. ಆಮೇಲೆ ಯಾರೂ ಬಾಗಿಲು ಅನ್ನೋ ಹಾಗಿಲ್ಲ.”

ಅವನು ಒಳಗೆ ಹೋಗಿ ಬಾಗಿಲು ಎಳೆದುಕೊಂಡ.

ಐಸಣ್ಣ ಕಬ್ಬಿಣದ ತುಂಡು ಹಿಡಿದು ನಿಂತ. ಗಾಳಿಯಿರಲಿಲ್ಲ. ಸದ್ದೂ ಇರಲಿಲ್ಲ. ಎದುರಿಗೆ ಬಿಳಿಯ ಬಯಲು, ಅಲ್ಲಲ್ಲಿ ಹಿಮ ಸರಿದು ಕಪ್ಪು ಗಾಜಿನ ಹಾಗೆ ಕಾಣುವ ಹೆಪ್ಪುಗಟ್ಟಿದ ನೀರು. ಬಾಯಲ್ಲಿ ಸಿಹಿ ಮೆಲ್ಲಗೆ ಹರಡುತ್ತಿತ್ತು. ಚಳಿ ಮೊದಲು ಮಂಡಿಗೆ ಬಂತು, ಆಮೇಲೆ ಬೆನ್ನಿಗೆ. ಹಳೆಯ ನೆಂಟನಂತೆ ಬಂದು ಕೂತಿತು. ಅವನ ತಲೆ, ಎಷ್ಟೋ ವರ್ಷಗಳ ಅಭ್ಯಾಸದಂತೆ, ಖಾಲಿಯಾಯಿತು.

ಕೋಲ್ಡ್ ಸ್ಟೋರೇಜಿನಲ್ಲಿ ಬಾಗಿಲಿನವನು ಬೆಚ್ಚಗೆ ನಿಂತಿರುತ್ತಿದ್ದ. ಇಲ್ಲಿ ಬಾಗಿಲಿನ ಆ ಕಡೆಯೂ ಚಳಿ, ಈ ಕಡೆಯೂ ಚಳಿ. ಎರಡೂ ಕಡೆ ಒಳಗೇ. ಇದು ಐಸಣ್ಣನ ತಲೆಗೆ ಹೊಳೆಯಲಿಲ್ಲ. ಮೈಗೆ ಮಾತ್ರ ತಾನು ಒಳಗಿದ್ದೇನೆ ಎನ್ನುವುದು ಗೊತ್ತಿತ್ತು. ಒಳಗಿದ್ದವನ ಕೆಲಸ ಕಾಯುವುದು.

ಯಾವಾಗಲೋ ನಾಲಿಗೆ ಪೆಪ್ಪರ್‌ಮಿಂಟನ್ನು ಹುಡುಕಿತು. ದವಡೆಯ ಸಂದಿಯಲ್ಲಿ ಹುಡುಕಿತು, ಇರಲಿಲ್ಲ. ಮುಗಿಯಿತಲ್ಲ ಎಂದುಕೊಂಡ. ಇನ್ನೇನು ತಟ್ಟುತ್ತಾನೆ ಎಂದುಕೊಂಡ.

ಕಾದ. ಕಾಲು ಇದೆಯೋ ಇಲ್ಲವೋ ತಿಳಿಯದಷ್ಟು ಹಗುರವಾಯಿತು. ಇವತ್ತು ಯಾಕೋ ಹೊತ್ತು ಮಾಡುತ್ತಿದ್ದಾನೆ, ಬಯ್ಯಬೇಕು ಎಂದು ಒಮ್ಮೆ ಅನ್ನಿಸಿತು. ಆಮೇಲೆ ಪರವಾಗಿಲ್ಲ ಎನ್ನಿಸಿತು.

ಬಯಲಿನ ಹೊಳಪು ಮಂದವಾಗತೊಡಗಿದಾಗ ಯಾರೋ ಅವನ ಬೆನ್ನಿಗೆ ದಬದಬ ಬಡಿದರು. ಐಸಣ್ಣನಿಗೆ ಜೀವ ಬಂದ ಹಾಗಾಯಿತು. “ಬಂದೆ, ಬಂದೆ,” ಎನ್ನಲು ತಿರುಗಿದ. ತುಟಿ ಆಡಲಿಲ್ಲ. ಗೈಡ್ ಹೆಂಗಸು ಅವನ ಭುಜ ಹಿಡಿದು ಅಲುಗಿಸುತ್ತ ಇನ್ನೊಬ್ಬ ಎಲ್ಲಿ ಎಂದು ಕೇಳುತ್ತಿದ್ದಳು. ಐಸಣ್ಣ ಅವಳನ್ನು ನೋಡಿದ. ಕಬ್ಬಿಣದ ಬಾಗಿಲನ್ನು ನೋಡಿದ. ಆಮೇಲೆ ತನ್ನ ಕೈಯಲ್ಲಿದ್ದ ಕಬ್ಬಿಣದ ತುಂಡನ್ನು ನೋಡಿದ.

ಎತ್ತಿ ಬಡಿಯಲು ಹೋದ. ಕೈ ಮೇಲಕ್ಕೆ ಬರಲಿಲ್ಲ. ಅವಳೇ ಬಾಗಿಲನ್ನು ಎಳೆದು ತೆಗೆದಳು.

ಭಾಮೈದ ಒಂದು ಹಲಗೆಯ ಮೇಲೆ ಶಾಲೆಯ ಹುಡುಗನಂತೆ ನೆಟ್ಟಗೆ, ಬಾಗಿಲ ಕಡೆ ಮುಖ ಮಾಡಿ ಕೂತಿದ್ದ. ಕಣ್ಣು ಅರ್ಧ ತೆರೆದಿತ್ತು. ಬಾಗಿಲು ಅಗುಳಿ ಹಾಕಿರಲಿಲ್ಲ, ಸಿಕ್ಕಿಕೊಂಡೂ ಇರಲಿಲ್ಲ. ಬೆರಳಲ್ಲಿ ನೂಕಿದ್ದರೆ ತೆರೆಯುತ್ತಿತ್ತು.

ಆಸ್ಪತ್ರೆಯ ಕಿಟಕಿಗಳಿಗೆ ಮೂರು ಪದರ ಗಾಜು. ಅದರಾಚೆ ಏನೂ ಕಾಣುತ್ತಿರಲಿಲ್ಲ. ಐಸಣ್ಣನ ಬಲಗೈಯನ್ನು ಬಟ್ಟೆಯಲ್ಲಿ ಸುತ್ತಿ, ಕಬ್ಬಿಣ ಹಿಡಿದ ಬೆರಳುಗಳಲ್ಲಿ ಕೆಲವು ಉಳಿಯುವುದಿಲ್ಲ ಎಂದು ಹೇಳಿದ್ದರು. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಭಾಮೈದನ ಎದೆಯ ಸದ್ದು ಕೇಳುತ್ತಿದ್ದ. ಅದೇ ಹಳೇ ಹಾರ್ಮೋನಿಯಂ, ಈಗ ತೂತು ಬಿದ್ದದ್ದು.

ಒಂದು ಮಧ್ಯಾಹ್ನ ಭಾಮೈದ ಕಣ್ಣು ತೆರೆದ. ಸುತ್ತಲೂ ನೋಡಿ ಭಾವನನ್ನು ಗುರುತಿಸಿದ. ಮಾತು ಸಲೀಸಾಗಿ ಬರಲಿಲ್ಲ.

“ಮುಗೀಲಿಲ್ವಾ ಭಾವ, ಪೆಪ್ಪರ್‌ಮಿಂಟು?”

“ಇಲ್ಲ ಕಣೋ. ಗಟ್ಟಿ ಇತ್ತು.”

“ಹೂಂ. ಚಳಿಗೆ ಗಟ್ಟಿಯಾಗುತ್ತೆ.” ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, “ನಾನೂ ಅದೇ ಅಂದ್ಕೊಂಡೆ” ಎಂದ. ಮತ್ತೆ ಕೇಳಿದ: “ಅಕ್ಕನಿಗೆ ಹೇಳಿದ್ರಾ?”

“ನೀನು ಸರಿ ಹೋಗು. ಇಬ್ಬರೂ ಒಟ್ಟಿಗೆ ಬೈಸ್ಕೊಳ್ಳೋಣ.”

ಅವನು ಸರಿ ಹೋಗಲಿಲ್ಲ. ಎದೆಯಲ್ಲಿ ನೀರು ತುಂಬಿತ್ತು. ಮರುದಿನ ಬೆಳಿಗ್ಗೆ ನರ್ಸು ಬಂದು ಇಬ್ಬರ ಹಾಸಿಗೆಯ ನಡುವೆ ಪರದೆ ಎಳೆದಳು.

ಐಸಣ್ಣ ಪೆಟ್ಟಿಗೆಯ ಜೊತೆ ವಾಪಸಾದ. ಜೀವನವಿಡೀ ಪೆಟ್ಟಿಗೆ ಎಳೆದವನಿಗೆ ಈ ಪೆಟ್ಟಿಗೆಯ ಮೇಲೆ ಕೈಯಿಡಲು ಆಗಲಿಲ್ಲ. ಮಣ್ಣು ಮಾಡುವ ಕೆಲಸವನ್ನು ಬೇರೆಯವರು ಮಾಡಿದರು. ಹಳೆಯ ಕೆಲಸಗಾರರು ಬಂದಿದ್ದರು. “ಬಾಗಿಲು ಹೋಗಿಬಿಟ್ಟನಲ್ಲ, ಪಾಪ” ಎಂದು ಗುಂಪಿನಲ್ಲಿ ಯಾರೋ ಅಂದರು. ಬೇರೆ ಹೆಸರು ಅವರಿಗೂ ಬಾಯಿಗೆ ಬರುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಹೆಂಡತಿ ತಮ್ಮನ ಚೀಲ ಬಿಚ್ಚಿದಳು. ಬನಿಯನ್ನುಗಳಲ್ಲಿ ಎರಡನ್ನು ಅವನು ಮಡಿಕೆ ಬಿಚ್ಚದೆ ಹಾಗೇ ಇಟ್ಟಿದ್ದ. ಅಂಗಿಯ ಜೇಬಿನಲ್ಲಿ ಪೆಪ್ಪರ್‌ಮಿಂಟಿನ ಪೊಟ್ಟಣ ಇತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಗಂಡನ ಎದುರಿಗೆ ಕೂತಳು. ಸಮಾಧಾನ ಹೇಳಲು ಬಂದ ನೆರೆಯವರಿಗೆ ಅವಳು ಏನೇನೋ ಹೇಳಿ ಕಳಿಸಿದ್ದಳು. ತಮ್ಮ ಹಡಗಿನ ಕೋಣೆಯೊಳಗೆ ಸಿಕ್ಕಿದ ಎಂದು ಟ್ರಾವೆಲ್ ಆಫೀಸಿನವರು ತಿಳಿಸಿದ್ದರು. ಗಂಡನನ್ನು ಈವರೆಗೆ ಒಂದು ಮಾತೂ ಕೇಳಿರಲಿಲ್ಲ.

“ಬಾಗಿಲಲ್ಲಿ ಯಾರಿದ್ರು?”

ಹೇಳಲು ಒಂದು ಸುಳ್ಳು ಅವನಲ್ಲಿ ಸಿದ್ಧವಿತ್ತು. ಆಸ್ಪತ್ರೆಯಲ್ಲಿ ಒಮ್ಮೆ ಬಳಸಿಯೂ ಆಗಿತ್ತು.

“ನಾನು,” ಎಂದ.

“ತಟ್ಟಲಿಲ್ವಾ?”

“ಅವನು ತಟ್ತಾನೆ ಅಂತ ಕಾಯ್ತಾ ಇದ್ದೆ.”

ಅವಳು ಅವನನ್ನೇ ನೋಡಿದಳು. ಎದ್ದು ಹಿಂದಿನ ಕೋಣೆಗೆ ಹೋಗಿ ತಮ್ಮನ ಮಂಚದ ಮೇಲೆ ಮಲಗಿದಳು. ಅವತ್ತಿನಿಂದ ಅಲ್ಲೇ ಮಲಗುತ್ತಾಳೆ. ಊಟ ಬಡಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಅವನ ಕೈಗೆ ಮುಲಾಮು ಹಚ್ಚುತ್ತಾಳೆ. ಕೋಲ್ಡ್ ಸ್ಟೋರೇಜಿನವರು ಕೊಟ್ಟ ಎರಡು ಗಡಿಯಾರಗಳೂ ನಡುಮನೆಯ ಗೋಡೆಯ ಮೇಲೆ ಸರಿಯಾಗಿ ನಡೆಯುತ್ತಿವೆ.

ಹೋದದ್ದು ಇಷ್ಟು: ಐಸಣ್ಣನ ಬಲಗೈಯ ಎರಡು ಬೆರಳು, ಎಡಗಿವಿಯ ಅಂಚು, ಹೆಂಡತಿಯ ಒಬ್ಬನೇ ತಮ್ಮ, ಹೆಂಡತಿ.