ನಿಲ್ಲಿ ಅನ್ನಬೇಕಾದವಳು

ಒಳಗಿನ ಗ್ಲೌಸಿನ ಮೇಲೆ ಇನ್ನೊಂದನ್ನು ಏರಿಸಿ, ಮಣಿಕಟ್ಟಿನವರೆಗೆ ಎಳೆದುಕೊಂಡು, ಹಿರಿಯ ನರ್ಸು ತರಬೇತಿಗೆ ಬಂದ ತನ್ನ ಹನ್ನೊಂದು ನರ್ಸುಗಳ ಕಡೆ ತಿರುಗಿದಳು. ಊಟದ ಹೊತ್ತು ಮೀರಿತ್ತು. ಹೊಸ ಜ್ವರದ ವಾರ್ಡು ನಾಳಿದ್ದು ತೆರೆಯುವುದಿತ್ತು. ಒಳಗೆ ಹೋಗುವವರ ಪಟ್ಟಿಯನ್ನು ಅವಳು ಸಂಜೆಯೊಳಗೆ ಮೇಟ್ರನ್‌ಗೆ ಕೊಡಬೇಕಿತ್ತು.

"ಈ ಉಡುಪು ಹಾಕ್ಕೊಳ್ಳೋದು ಎಲ್ರಿಗೂ ಬರುತ್ತೆ. ಸೋಂಕು ಅಂಟೋದು ಬಿಚ್ಚೋವಾಗ," ಎಂದಳು.

"ಅಕ್ಕಾ, ಇದರೊಳಗೆ ಬೆಂದು ನಾನು ಅರ್ಧ ಕರಗಿಹೋದೆ," ಎಂದಳು ಆಗಷ್ಟೇ ಗೌನು ಬಿಚ್ಚಿದ ದಪ್ಪನೆಯವಳು.

"ಇನ್ನರ್ಧ ಗಂಟೆ ಹಾಕ್ಕೊಂಡಿದ್ರೆ ಪುಕ್ಕಟೆ ಸಣ್ಣ ಆಗ್ತಿದ್ದೆ ಕಣೆ!" ಎಂದಳು ಹಿರಿಯ ನರ್ಸು.

ನಗುವಿನ ನಡುವೆ ಅವಳು, ತಾನು ಬಿಚ್ಚುವಾಗ ಪಕ್ಕದಲ್ಲಿ ನಿಂತು ಗಮನಿಸುವ ಕೆಲಸಕ್ಕೆ ಹಿಂದಿನ ಸಾಲಿನ ಸಣಕಲು ಹುಡುಗಿಯನ್ನು ಕರೆದಳು. ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಪಿಸುಮಾತು ಎಂದೇ. ರೋಗಿಯ ಹೆಸರು ಕೂಗಿದರೂ ಕೇಳಿಸದಷ್ಟು ಮೆಲುದನಿ.

"ತಪ್ಪು ಕಂಡ್ರೆ ನಿಲ್ಲಿ ಅನ್ಬೇಕು. ಯಾರೇ ಆಗಿರ್ಲಿ."

ಹುಡುಗಿ ತಲೆಯಾಡಿಸಿದಳು. ಹಿರಿಯ ನರ್ಸಿಗೆ ನಂಬಿಕೆ ಬರಲಿಲ್ಲ. ಎಂಟು ವರ್ಷದ ಹಿಂದೆ, ಬೇರೊಂದು ಜ್ವರದ ವಾರ್ಡಿನ ಬಾಗಿಲಲ್ಲಿ, ಇನ್ನೊಬ್ಬಳೂ ಹೀಗೇ ತಲೆಯಾಡಿಸಿದ್ದಳು. ಬಿಚ್ಚುವಾಗ ಹಿರಿಯ ನರ್ಸಿನ ಕೈ ಮುಖಕ್ಕೆ ಹೋದದ್ದನ್ನು ಆ ಹುಡುಗಿ ಕಣ್ಣಾರೆ ಕಂಡಿದ್ದಳು. ಬಾಯಿ ಬಿಡಲಿಲ್ಲ. "ನಿಮಗೆ ಹೇಗಕ್ಕಾ ಹೇಳೋದು?" ಎಂದು ಆಮೇಲೆ ಅತ್ತಿದ್ದಳು. ಅಷ್ಟರಲ್ಲಿ ಜ್ವರ ಹಿರಿಯ ನರ್ಸಿನ ಜೊತೆ ಅವಳ ಮನೆಗೆ ಹೋಗಿತ್ತು. ಮಗಳು ಹತ್ತೊಂಬತ್ತು ದಿನ ಮಲಗಿದ್ದಳು. ಬದುಕಿದಳು. ಆದರೆ ಅಂದಿನಿಂದ ತಾಯಿ ಅಂಥ ವಾರ್ಡಿನೊಳಗೆ ಕಾಲಿಟ್ಟಿರಲಿಲ್ಲ. ಬೇರೆಯವರಿಗೆ ಕಲಿಸಿ ಕಳಿಸುತ್ತಿದ್ದಳು, ಅಷ್ಟೆ. ಈ ಸಲದ ಪಟ್ಟಿಯಲ್ಲೂ ತನ್ನ ಹೆಸರಿರಬೇಕಾದ ಮೊದಲ ಸಾಲು ಖಾಲಿ ಬಿಟ್ಟಿದ್ದಳು.

ಮೇಜಿನ ಮೇಲೆ ರೋಗಿಯಂತೆ ಮಲಗಿಸಿದ್ದ ಬೊಂಬೆಯ ಮೈಗೆ, ಸೋಂಕು ಎಲ್ಲೆಲ್ಲಿ ಅಂಟುತ್ತದೆಂದು ತೋರಿಸಲು, ಒಂದು ಪುಡಿ ಬಳಿದಿದ್ದರು. ಬರಿಗಣ್ಣಿಗೆ ಕಾಣದು, ನೀಲಿ ದೀಪದಡಿ ಹೊಳೆಯುತ್ತದೆ. ಅವಳು ಬೊಂಬೆಯನ್ನು ಮಗ್ಗುಲಾಗಿಸಿ, ಬೆನ್ನು ಒರೆಸಿ, ಬಿಚ್ಚತೊಡಗಿದಳು. ಹೊರಗಿನ ಗ್ಲೌಸ್ ಹೋಯಿತು. ಗೌನನ್ನು ಒಳಮೈ ಹೊರಗಾಗುವಂತೆ ಸುತ್ತಿ ಡಬ್ಬಿಗೆ ಹಾಕಿದಳು. ಹಿಂದಿನ ಪಟ್ಟಿ ಹಿಡಿದು ಗಾಗಲ್ ತೆಗೆದಳು. ಗಾಗಲ್ ಸರಿದದ್ದೇ ತಡ, ಬೆವರಿದ ಮೂಗಿನ ಮೇಲಿಂದ ಕನ್ನಡಕ ಜಾರಿತು. ಮೂವತ್ತು ವರ್ಷದ ಅಭ್ಯಾಸ. ಬೆರಳು ತಾನಾಗಿಯೇ ಮೇಲೆದ್ದಿತು.

"ನಿಲ್ಲಿ!"

ಕಿಟಕಿಯ ಗಾಜು ಅದುರುವಂಥ ದನಿ. ಕೈ ಗಲ್ಲದ ಹತ್ತಿರ ನಿಂತಿತು.

"ಕೈ ಇಳಿಸಿ ಅಕ್ಕಾ. ಕನ್ನಡಕ ಬಿದ್ರೆ ಬೀಳ್ಲಿ," ಎಂದಳು ಪಿಸುಮಾತು.

ದೀಪ ಆರಿಸಿ ನೀಲಿ ದೀಪ ಹಚ್ಚಿದರು. ಒಳಗಿನ ಗ್ಲೌಸಿನ ತೋರುಬೆರಳ ತುದಿಯಲ್ಲಿ ಸಾಸಿವೆಯಷ್ಟು ಹೊಳಪು. ಮುಖದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

"ಅಕ್ಕ ನಮ್ಮನ್ನ ಪರೀಕ್ಷೆ ಮಾಡಿದ್ರು ಕಣ್ರೇ," ಎಂದು ಯಾರೋ ಕತ್ತಲಲ್ಲಿ ಅಂದರು.

ಹಿರಿಯ ನರ್ಸು ಸುಮ್ಮನಿದ್ದುಬಿಡಬಹುದಿತ್ತು.

"ಪರೀಕ್ಷೆ ಅಲ್ಲ. ನಿಜವಾಗ್ಲೂ ನಾನೇ ತಪ್ಪಿದೆ. ಇವಳಿದ್ಲು, ಉಳ್ಕೊಂಡೆ."

ಆಮೇಲೆ ದಪ್ಪನೆಯವಳು, "ಅಬ್ಬಾ ಪಿಸು, ಇಷ್ಟು ದಿನ ಈ ಗಂಟಲು ಎಲ್ಲಿ ಬಚ್ಚಿಟ್ಟಿದ್ಯೇ?" ಎಂದಾಗ ಕೋಣೆಯೆಲ್ಲ ಹಗುರಾಯಿತು.

ಎಲ್ಲರೂ ಹೋದ ಮೇಲೆ ಹಿರಿಯ ನರ್ಸು ಸೋಪು ಹಚ್ಚಿ ಕೈ ತೊಳೆದು, ಕನ್ನಡಕ ತೊಳೆದು, ಕುರ್ಚಿಯಲ್ಲಿ ಕುಸಿದಳು. ಎದೆಯೊಳಗೆ ಎಂಟು ವರ್ಷದಿಂದ ಬಿಗಿದಿದ್ದ ಗಂಟೊಂದು ಸಡಿಲಿದಂತಿತ್ತು. ಆ ಹೊತ್ತಿಗೆ ಮಗಳ ಫೋನು ಬಂತು.

"ಏನಮ್ಮಾ, ದನಿ ಏನೋ ಬೇರೆ ಥರ ಇದೆ?"

"ಏನಿಲ್ಲ ಕಣೆ. ಹಸಿವಾಗಿದೆ, ಅಷ್ಟೆ."

ಫೋನಿಟ್ಟು ಪಟ್ಟಿ ಎಳೆದುಕೊಂಡಳು. ಖಾಲಿ ಸಾಲಿನಲ್ಲಿ ತನ್ನ ಹೆಸರು ಬರೆದಳು. ಗಮನಿಸುವವರು ಎಂಬ ಕಡೆ 'ಪಿಸು' ಎಂದು ಶುರುಮಾಡಿ, ಒಬ್ಬಳೇ ನಕ್ಕು, ಅದನ್ನು ಹೊಡೆದುಹಾಕಿ ಹುಡುಗಿಯ ನಿಜವಾದ ಹೆಸರು ಬರೆದಳು. ಹಾಳೆ ಮಡಚಿ ಬದಿಗಿಟ್ಟು ಊಟದ ಡಬ್ಬಿ ತೆರೆದಳು.